ಬಿಲ್ಲಿನೊಳಗಿನ ತೆರಿಗೆ ಓದುವುದು: 118ರಲ್ಲಿ 18 ಎಲ್ಲಿದೆ?

ಬಿ.ಕಾಂ. ಓದುವವರು, ಜಿಎಸ್‌ಟಿ ಲೆಕ್ಕ ಕಲಿಯುತ್ತಿರುವವರು, ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವರು, ಈ ಮೂವರಿಗೂ ಈ ಟಿಪ್ಪಣಿ. ಪ್ರಶ್ನೆ ಒಂದೇ. ಗಿರಾಕಿ ಕೊಟ್ಟ ಹಣದಲ್ಲಿ ತೆರಿಗೆ ಎಷ್ಟು, ಅದು ಅವನ ಕಣ್ಣಿಗೆ ಬೀಳುತ್ತದೆಯೇ?

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಮುಗಿಸೋಣ. ಸಿಜಿಎಸ್‌ಟಿ (ಕೇಂದ್ರದ ಜಿಎಸ್‌ಟಿ) ಕಾಯ್ದೆಯ 33ನೇ ಕಲಮಿನ ಪ್ರಕಾರ ತೆರಿಗೆ ಕಟ್ಟಬೇಕಾದ ಮಾರಾಟಗಾರ ಬೆಲೆಯಲ್ಲಿ ಸೇರಿರುವ ತೆರಿಗೆಯ ಮೊತ್ತವನ್ನು ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಎದ್ದು ಕಾಣುವಂತೆ ತೋರಿಸಬೇಕು. ಪೊಟ್ಟಣದ ಮೇಲಿನ ಬೆಲೆಗೆ ಬೇರೆ ನಿಯಮ ಇದೆ: 2011ರ ಲೀಗಲ್ ಮೆಟ್ರಾಲಜಿ (ಪ್ಯಾಕೇಜ್ಡ್ ಕಮಾಡಿಟೀಸ್) ನಿಯಮಗಳು. ಇದರಂತೆ ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಹಾಗಾಗಿ ಪೊಟ್ಟಣದ ಮೇಲೆ ತೆರಿಗೆ ಬೆಲೆಯೊಳಗೆ ಕರಗಿರುತ್ತದೆ, ಬಿಲ್ಲಿನಲ್ಲಿ ಬಿಡಿಯಾಗಿ ಕಾಣುತ್ತದೆ. ಕಲಿಯುವವರಿಗೆ ತೊಡಕಾಗುವುದು ಪೊಟ್ಟಣದಿಂದ ಬಿಲ್ಲಿಗೆ ಬರುವ ಈ ಒಂದು ಹೆಜ್ಜೆಯೇ.

ಹಿಂದಿನಿಂದ ತೆಗೆಯುವ ಲೆಕ್ಕ

118 ರೂಪಾಯಿಯ ವಸ್ತು, ತೆರಿಗೆ 18%. ತೆರಿಗೆ ಎಷ್ಟು ಎಂದು ಕೇಳಿದರೆ ಹೆಚ್ಚಿನವರು 118ಕ್ಕೆ 18% ಹಾಕಿ 21.24 ಅನ್ನುತ್ತಾರೆ. ತಪ್ಪು. 18% ಎಂಬುದು ತೆರಿಗೆ ಸೇರುವ ಮೊದಲಿನ ಮೌಲ್ಯದ ಮೇಲಿನ ದರ, ಸೇರಿದ ಮೇಲಿನ ಬೆಲೆಯ ಮೇಲಿನದಲ್ಲ. 100ಕ್ಕೆ 18 ಸೇರಿ 118 ಆಗಿದೆ. ಆದ್ದರಿಂದ ತೆರಿಗೆ 18 ಮಾತ್ರ. ಸಿಜಿಎಸ್‌ಟಿ ನಿಯಮ 35 ಹೇಳುವುದೂ ಇದನ್ನೇ:

ತೆರಿಗೆ = ಒಟ್ಟು ಬೆಲೆ × ದರ ÷ (100 + ದರ)

ಸೂತ್ರ ಬಾಯಿಪಾಠ ಮಾಡಿದವರೂ ಪರೀಕ್ಷೆಯಲ್ಲಿ ಗುಣಿಸಿಬಿಡುತ್ತಾರೆ. ಪಾಲುಗಳಾಗಿ ನೋಡಿದರೆ ಮರೆಯುವುದಿಲ್ಲ. ದರ 5% ಇದ್ದರೆ ಮೌಲ್ಯ 20 ಪಾಲು, ತೆರಿಗೆ 1 ಪಾಲು, ಒಟ್ಟು 21 ಪಾಲು. ಬೆಲೆಯನ್ನು 21ರಿಂದ ಭಾಗಿಸಿದರೆ ಸಿಗುವುದೇ ತೆರಿಗೆ. 18% ಇದ್ದರೆ ಮೌಲ್ಯ 50 ಪಾಲು, ತೆರಿಗೆ 9 ಪಾಲು, ಒಟ್ಟು 59. ಅಂದರೆ ಬೆಲೆಯ 9/59. 40% ಇದ್ದರೆ 5 ಮತ್ತು 2, ಒಟ್ಟು 7. ಬೆಲೆಯ 2/7 ತೆರಿಗೆ. ಚಿನ್ನದ 3% ಮಾತ್ರ ಸಣ್ಣದಾಗುವುದಿಲ್ಲ, 3/103 ಎಂದೇ ಇಟ್ಟುಕೊಳ್ಳಬೇಕು.

21, 59, 7. ಈ ಮೂರು ಅಂಕಿ ನೆನಪಿದ್ದರೆ ಸಾಕು, ಕೌಂಟರಿನ ಮುಂದೆ ನಿಂತೇ ಬಿಲ್ ತಾಳೆ ನೋಡಬಹುದು. 59ರಿಂದ ಭಾಗಿಸುವುದು ಬಾಯಲ್ಲಿ ಕಷ್ಟ ಅನ್ನುವವರಿಗೆ ಇನ್ನೊಂದು ದಾರಿ ಇದೆ: ಬೆಲೆಯ 15% ತೆಗೆದು ಅದಕ್ಕೆ ಬೆಲೆಯ ಕಾಲು ಪರ್ಸೆಂಟ್ ಸೇರಿಸಿ. 236 ರೂಪಾಯಿಗೆ 15% ಅಂದರೆ 35.40, ಕಾಲು ಪರ್ಸೆಂಟ್ 0.59, ಕೂಡಿಸಿದರೆ 35.99. ಸರಿಯಾದ ಉತ್ತರ 36. ಒಂದು ಪೈಸೆ ವ್ಯತ್ಯಾಸ.

ಇದು ಯಾಕೆ ಹೊಂದುತ್ತದೆ? 18% ತೆರಿಗೆ ಅಂದರೆ ಗಿರಾಕಿ ಕೈಯಿಂದ ಹೋದ ಹಣದ 15.25% ಮಾತ್ರ. 5% ತೆರಿಗೆ ಅವನ ಹಣದ 4.76%. 40% ತೆರಿಗೆ ಅವನ ಹಣದ 28.57%. ದರ ಬೇರೆ, ಬೆಲೆಯಲ್ಲಿನ ಪಾಲು ಬೇರೆ. ಮುಂದೆ ಬರುವ ಎರಡು ಗೊಂದಲಗಳೂ ಈ ಭೇದ ಮರೆತಾಗ ಹುಟ್ಟುವಂಥವು.

ಈಗ ಒಂದು ಪೂರ್ತಿ ಬಿಲ್. ಸಿರ್ಸಿಯ ಪೇಟೆಯ ಯಾವುದೇ ಸೂಪರ್ ಮಾರ್ಕೆಟಿನಲ್ಲಿ ಸಿಗಬಹುದಾದ ಸಾಮಾನು, ಅಂಕಿಗಳು ಲೆಕ್ಕಕ್ಕಾಗಿ ಹಾಕಿದವು:

ಬಿಡಿ ಅಕ್ಕಿ, 300 ರೂ., ತೆರಿಗೆ ಇಲ್ಲ
ಟೂತ್‌ಪೇಸ್ಟ್, 105 ರೂ., 5%
ಬಿಸ್ಕತ್ತು, 42 ರೂ., 5%
ತುಪ್ಪ, 630 ರೂ., 5%
ಬಟ್ಟೆ ತೊಳೆಯುವ ಪುಡಿ, 236 ರೂ., 18%
ಕೋಲಾ ಬಾಟಲಿ, 70 ರೂ., 40%

ಒಟ್ಟು 1,383 ರೂಪಾಯಿ. ಈ ಮೊತ್ತಕ್ಕೆ ಯಾವುದಾದರೂ ಒಂದು ದರ ಹಾಕಿ ತೆರಿಗೆ ತೆಗೆಯಲು ಹೊರಟರೆ ದಿಕ್ಕು ತಪ್ಪುತ್ತದೆ. ಮೊದಲು ದರದ ಪ್ರಕಾರ ಗುಂಪು ಮಾಡಬೇಕು. 5% ಗುಂಪು 105 + 42 + 630 = 777, ಇದನ್ನು 21ರಿಂದ ಭಾಗಿಸಿದರೆ ತೆರಿಗೆ 37, ಮೌಲ್ಯ 740. 18% ಗುಂಪು 236, ತೆರಿಗೆ 36, ಮೌಲ್ಯ 200. 40% ಗುಂಪು 70, ತೆರಿಗೆ 20, ಮೌಲ್ಯ 50. ಒಟ್ಟು ತೆರಿಗೆ 93 ರೂಪಾಯಿ, ಅಂದರೆ ಕೊಟ್ಟ ಹಣದ ಸುಮಾರು 6.7%. ಬಿಲ್ಲಿನ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ಬರುವ ತೆರಿಗೆ ಪಟ್ಟಿ ಇದೇ ಗುಂಪುಗಳ ಪಟ್ಟಿ. ಕೆಲವು ಅಂಗಡಿಗಳ ಬಿಲ್ಲಿನಲ್ಲಿ ವಸ್ತುವಿನ ಪಕ್ಕ ಎ, ಬಿ, ಸಿ ಎಂಬ ಗುರುತು ಇರುತ್ತದೆ, ಅದು ಯಾವ ಗುಂಪು ಎಂದು ಹೇಳುವ ಸಂಕೇತ. 777 ರೂಪಾಯಿ ಸಾಮಾನಿಗೆ 70 ರೂಪಾಯಿಯ ಒಂದು ಬಾಟಲಿ ಹೋಲಿಸಿ ನೋಡಿ: ತೆರಿಗೆ 37 ಮತ್ತು 20. ಬಿಡಿಸಿ ತೋರಿಸಿದಾಗ ಮಾತ್ರ ಇದು ಕಾಣುತ್ತದೆ.

ಈ ತೆರಿಗೆಯನ್ನು ಕೇಂದ್ರ, ರಾಜ್ಯಗಳಿಗೆ ಅರ್ಧರ್ಧ ಮಾಡುವುದು ಸುಲಭ. 37ರಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ 18.50, ರಾಜ್ಯದ ಪಾಲು ಎಸ್‌ಜಿಎಸ್‌ಟಿ 18.50. ಎರಡೂ ಮೂಲ ಮೌಲ್ಯದ ಮೇಲೆಯೇ. 100ಕ್ಕೆ 9% ಹಾಕಿ 109 ಮಾಡಿ, ಅದರ ಮೇಲೆ ಮತ್ತೆ 9% ಹಾಕಿ 118.81 ಮಾಡುವುದು ತಪ್ಪು.

ಆದರೆ ಹಾಗೆ ತೆರಿಗೆಯ ಮೇಲೆ ತೆರಿಗೆ ಬೀಳುತ್ತಿದ್ದ ಕಾಲವೂ ಇತ್ತು. 2017ರ ಜುಲೈ 1ಕ್ಕೆ ಮೊದಲು ಕಾರ್ಖಾನೆಯಿಂದ ಹೊರಬೀಳುವಾಗ ಕೇಂದ್ರ ಅಬಕಾರಿ ಸುಂಕ 12.5%, ಅಂಗಡಿಯಲ್ಲಿ ಕರ್ನಾಟಕದ ವ್ಯಾಟ್ 14.5%. ನಡುವಿನ ಲಾಭ ಬದಿಗಿಟ್ಟರೆ 100 ರೂಪಾಯಿ ಮೊದಲು 112.50 ಆಗಿ, ಆಮೇಲೆ 128.81 ಆಗುತ್ತಿತ್ತು. ಗಿರಾಕಿಯ ಬಿಲ್ಲಿನಲ್ಲಿ ಕಾಣುತ್ತಿದ್ದದ್ದು ವ್ಯಾಟ್‌ನ 16.31 ಮಾತ್ರ. ಅಬಕಾರಿಯ 12.50 ವಸ್ತುವಿನ ಬೆಲೆಯಂತೆ ವೇಷ ಹಾಕಿಕೊಂಡು ಬರುತ್ತಿತ್ತು. ಜಿಎಸ್‌ಟಿಯ ಬಗ್ಗೆ ಯಾರು ಏನೇ ಹೇಳಲಿ, ಈ ಒಂದು ಕಣ್ಣುಮುಚ್ಚಾಲೆ ನಿಂತಿದ್ದು ದೊಡ್ಡ ಲಾಭ.

ದರ 13 ಇಳಿದರೆ ಬೆಲೆ 13% ಇಳಿಯುವುದಿಲ್ಲ

2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದವು. 12% ಮತ್ತು 28%ರಲ್ಲಿದ್ದ ಹೆಚ್ಚಿನ ವಸ್ತುಗಳು 5%, 18%, 40%ಕ್ಕೆ ಹಂಚಿಹೋದವು. ಟೂತ್‌ಪೇಸ್ಟ್, ಸಾಬೂನು, ಬಿಸ್ಕತ್ತು 18ರಿಂದ 5ಕ್ಕೆ. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಸಿಮೆಂಟ್, 32 ಇಂಚಿಗಿಂತ ದೊಡ್ಡ ಟಿವಿ 28ರಿಂದ 18ಕ್ಕೆ. ಆಗ ಎದ್ದ ಗಲಾಟೆಯಲ್ಲಿ ಅರ್ಧ ಈ ಲೆಕ್ಕ ತಿಳಿಯದೆ ಆದದ್ದು: "ತೆರಿಗೆ 13% ಕಡಿಮೆ ಆಯ್ತು, ಬೆಲೆ 11% ಮಾತ್ರ ಇಳಿಸಿದ್ದೀರಿ!"

ಮೌಲ್ಯ 100 ಹಾಗೆಯೇ ಇರಲಿ. ಹಳೆಯ ಬೆಲೆ 118, ಹೊಸದು 105. ಇಳಿದದ್ದು 13 ರೂಪಾಯಿ, ಆದರೆ 118ರಲ್ಲಿ 13. ಅಂದರೆ 11.02%. ಅಂಗಡಿಕಾರ 11% ಇಳಿಸಿದ್ದರೆ ಪೂರ್ತಿ ಕೊಟ್ಟಿದ್ದಾನೆ. 12ರಿಂದ 5ಕ್ಕೆ ಬಂದಲ್ಲಿ 112ರಲ್ಲಿ 7, ಅಂದರೆ 6.25%. 28ರಿಂದ 18ಕ್ಕೆ ಬಂದಲ್ಲಿ 128ರಲ್ಲಿ 10, ಅಂದರೆ 7.81%. ಬೆಲೆಗೆ ಅನ್ವಯಿಸಿದರೆ 672 ರೂಪಾಯಿಯ ತುಪ್ಪ 630 ಆಗಬೇಕು, 384 ರೂಪಾಯಿಯ ಸಿಮೆಂಟ್ ಚೀಲ 354 ಆಗಬೇಕು, 59 ರೂಪಾಯಿಯ ಪೇಸ್ಟ್ 52.50 ಆಗಬೇಕು.

ಮೋಸ ಹಿಡಿಯುವುದೂ ಇದೇ ಲೆಕ್ಕದಲ್ಲಿ. 59ರ ಪೇಸ್ಟ್ 55ಕ್ಕೆ ಬಂತು ಅನ್ನಿ. ಅಗ್ಗ ಆಯಿತು ಎಂದು ಗಿರಾಕಿ ಖುಷಿಪಡುತ್ತಾನೆ. ಹಳೆಯ ಮೌಲ್ಯ 50, ಹೊಸ ಮೌಲ್ಯ 55 ÷ 1.05 = 52.38. ತೆರಿಗೆ ಇಳಿದ ನೆಪದಲ್ಲಿ ಮೂಲ ಬೆಲೆ 2.38 ಏರಿದೆ. ಎರಡು ಬೆಲೆ ಹೋಲಿಸುವಾಗ ಯಾವಾಗಲೂ ತೆರಿಗೆ ಕಳಚಿ ಮೌಲ್ಯವನ್ನೇ ಹೋಲಿಸಬೇಕು.

ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣದಲ್ಲಿ ಇನ್ನೊಂದು ತಿರುವು ಇದೆ. ಅಲ್ಲಿ ಬೆಲೆ ಕದಲಿಸುವುದು ಕಷ್ಟ, 4.45 ಎಂದು ಯಾರೂ ಮಾರುವುದಿಲ್ಲ. ಬೆಲೆ ಹಾಗೇ ಇಟ್ಟು ತೂಕ ಹೆಚ್ಚಿಸುತ್ತಾರೆ. ತೂಕ ಎಷ್ಟು ಹೆಚ್ಚಬೇಕು? 11.02% ಅಲ್ಲ. 118 ÷ 105 = 1.1238, ಅಂದರೆ 12.38%. 50 ಗ್ರಾಂ ಇದ್ದದ್ದು 56 ಗ್ರಾಂ ದಾಟಬೇಕು. ಬೆಲೆ ಇಳಿಸುವಾಗ ಭಾಗಿಸುವುದು 118ರಿಂದ, ತೂಕ ಏರಿಸುವಾಗ 105ರಿಂದ. ಪೊಟ್ಟಣದ ಮೇಲೆ ಗ್ರಾಂಗೆ ಇಷ್ಟು ಎಂದು ಅಚ್ಚಾಗಿರುವ ಯೂನಿಟ್ ಸೇಲ್ ಪ್ರೈಸ್ ನೋಡಿದರೆ ಈ ತಲೆನೋವೇ ಇಲ್ಲ, ಹಳೆಯದು ಹೊಸದು ನೇರ ಹೋಲಿಸಬಹುದು.

ದೂರು ಕೊಡುವವರು ತಿಳಿದಿರಬೇಕಾದದ್ದು: ತೆರಿಗೆ ಇಳಿಕೆಯ ಲಾಭ ಗಿರಾಕಿಗೆ ದಾಟಿಸಬೇಕು ಎಂಬ 171ನೇ ಕಲಮು ಪುಸ್ತಕದಲ್ಲಿದೆ, ಆದರೆ ಅದರಡಿ ಹೊಸ ದೂರು ತೆಗೆದುಕೊಳ್ಳುವುದು 2025ರ ಏಪ್ರಿಲ್ 1ರಿಂದ ನಿಂತಿದೆ. ಹಾಗಾಗಿ ಸೆಪ್ಟೆಂಬರ್ ಇಳಿಕೆಯ ದೂರುಗಳು ಹೋದದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ. ಬಿಲ್ಲಿನ ಫೋಟೊ ಅಂದೇ ತೆಗೆದಿಡಿ. ಥರ್ಮಲ್ ಕಾಗದದ ಅಕ್ಷರ, ಅದರಲ್ಲೂ ನಮ್ಮ ಕರಾವಳಿಯ ಸೆಕೆಗೆ, ಬೇಗ ಮಾಸಿಹೋಗುತ್ತದೆ.

ರಿಯಾಯಿತಿ ಕೊಟ್ಟು ಜಿಎಸ್‌ಟಿ ಹಾಕಿದರೆ

ಮಿಕ್ಸರ್, ಎಂಆರ್‌ಪಿ 3,540, ತೆರಿಗೆ 18%. 10% ರಿಯಾಯಿತಿ. ಗಿರಾಕಿ ಕೊಡಬೇಕಾದ್ದು 3,186. ಅದರೊಳಗೆ ಮೌಲ್ಯ 2,700, ತೆರಿಗೆ 486. ಅಷ್ಟೇ.

ತಪ್ಪು ಬಿಲ್ ಹೀಗಿರುತ್ತದೆ: 3,186ರ ಮೇಲೆ ಮತ್ತೆ 18%, ಅಂದರೆ 573.48 ಸೇರಿಸಿ 3,759.48. ಎಂಆರ್‌ಪಿಯನ್ನೇ 219.48 ದಾಟಿತು. ಇಲ್ಲಿ 15.25% ಮತ್ತೆ ಕೆಲಸಕ್ಕೆ ಬರುತ್ತದೆ. 18% ದರದ ವಸ್ತುವಿಗೆ 15.25% ರಿಯಾಯಿತಿ ಕೊಟ್ಟು ಮೇಲೆ ಜಿಎಸ್‌ಟಿ ಸೇರಿಸಿದರೆ ಸರಿಯಾಗಿ ಎಂಆರ್‌ಪಿಗೇ ಬಂದು ನಿಲ್ಲುತ್ತದೆ. "15% ಡಿಸ್ಕೌಂಟ್, ಜಿಎಸ್‌ಟಿ ಪ್ರತ್ಯೇಕ" ಎಂಬ ಬೋರ್ಡಿನ ಅರ್ಥ ರಿಯಾಯಿತಿ ಇಲ್ಲ ಎಂದೇ. ಅದಕ್ಕಿಂತ ಹೆಚ್ಚು ರಿಯಾಯಿತಿ ಇದ್ದಾಗ, ಉದಾಹರಣೆಗೆ 20% ಇದ್ದಾಗ, ಒಟ್ಟು 3,341.76 ಆಗಿ ಎಂಆರ್‌ಪಿಯ ಒಳಗೇ ಇರುತ್ತದೆ. ಆದ್ದರಿಂದ ಅನುಮಾನ ಬರುವುದಿಲ್ಲ. ಆದರೆ ಕೊಡಬೇಕಾಗಿದ್ದದ್ದು 2,832. ಎಂಆರ್‌ಪಿ ದಾಟಿಲ್ಲ ಎಂಬುದಷ್ಟನ್ನೇ ನೋಡಿ ಸುಮ್ಮನಾಗಬಾರದು.

ಹೋಟೆಲಿನ ಮೆನು ದರ ಎಂಆರ್‌ಪಿ ಅಲ್ಲ, ಅಲ್ಲಿ ಮೇಲಿನಿಂದ 5% ಸೇರಿಸಬಹುದು. 120ರ ಊಟಕ್ಕೆ 3 + 3 ಸೇರಿ 126. ಸರ್ವಿಸ್ ಚಾರ್ಜ್ ತೆರಿಗೆಯಲ್ಲ, ಅದು ಸರಕಾರಕ್ಕೆ ಹೋಗುವುದಿಲ್ಲ. ಬಿಲ್ಲಿನಲ್ಲಿ ತೆರಿಗೆಯ ಸಾಲಿನ ಪಕ್ಕ ಕೂತಿದ್ದರೂ ಬೇರೆ ಎಂದು ಓದಬೇಕು.

29 ಮತ್ತು 30

ಕಾರವಾರದವರಿಗೆ ಇದು ದಿನದ ವಿಷಯ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ: ಮೊದಲ ಎರಡು ರಾಜ್ಯದ ಸಂಕೇತ, ನಂತರದ ಹತ್ತು ಪ್ಯಾನ್. ಕರ್ನಾಟಕ 29, ಗೋವಾ 30. ಗಡಿಯ ಮಾಜಾಳಿ ದಾಟಿ ಗೋವಾದ ಮಡಗಾಂವ್‌ನಲ್ಲಿ ಫ್ರಿಜ್ ಕೊಂಡು ಕೌಂಟರಿನಲ್ಲೇ ಬಿಲ್ ಮಾಡಿಸಿದರೆ, ವಿಳಾಸ ಬರೆಸದಿದ್ದಲ್ಲಿ, ಸಿಜಿಎಸ್‌ಟಿ 9% ಮತ್ತು ಗೋವಾದ ಎಸ್‌ಜಿಎಸ್‌ಟಿ 9%. 2023ರ ಅಕ್ಟೋಬರ್ 1ರಿಂದ ಬಂದ ತಿದ್ದುಪಡಿಯಂತೆ, ನೋಂದಣಿ ಇಲ್ಲದ ಗಿರಾಕಿಯ ವಿಳಾಸವನ್ನು, ಅಥವಾ ರಾಜ್ಯದ ಹೆಸರನ್ನಷ್ಟೇ, ಬಿಲ್ಲಿನಲ್ಲಿ ಬರೆದರೆ ಆ ರಾಜ್ಯವೇ ಪೂರೈಕೆಯ ಸ್ಥಳ. ಕರ್ನಾಟಕ ಎಂದು ಬರೆಸಿದರೆ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದಾಗಿನ ಜಿಎಸ್‌ಟಿ) 18% ಬರುತ್ತದೆ, ರಾಜ್ಯದ ಪಾಲು ಕರ್ನಾಟಕಕ್ಕೆ ಹೋಗುತ್ತದೆ. ಗಿರಾಕಿ ಕೊಡುವ ಹಣ ಎರಡರಲ್ಲೂ ಒಂದೇ. ಯಾವ ಸರಕಾರಕ್ಕೆ ಸೇರಿತು ಎಂಬುದು ಮಾತ್ರ ಒಂದು ಸಾಲಿನಲ್ಲಿ ಬದಲಾಗುತ್ತದೆ.

ತೆರಿಗೆಯ ಸಾಲೇ ಇಲ್ಲದ ಬಿಲ್

ತೆರಿಗೆ ಬೀಳುವ ವಸ್ತುವಿಗೂ ಹೀಗಾದರೆ ಎರಡು ಕಾರಣ ಇರಬಹುದು. ಅಂಗಡಿಗೆ ನೋಂದಣಿಯೇ ಇಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಸಾಮಾನ್ಯವಾಗಿ ಬೇಕಾಗಿಲ್ಲ. ಅಥವಾ ಕಾಂಪೋಸಿಷನ್ ಪದ್ಧತಿ, ಅಂದರೆ ಸಣ್ಣ ವ್ಯಾಪಾರಿ ತನ್ನ ವಹಿವಾಟಿನ ಮೇಲೆ ತಾನೇ ತೆರಿಗೆ ಕಟ್ಟುವ ಪದ್ಧತಿ, ಸರಕಿಗೆ ಒಂದೂವರೆ ಕೋಟಿ ವಹಿವಾಟಿನವರೆಗೆ. ಈ ಇಬ್ಬರೂ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಕಾಂಪೋಸಿಷನ್‌ನವನು ಟ್ಯಾಕ್ಸ್ ಇನ್‌ವಾಯ್ಸ್ ಬದಲು ಬಿಲ್ ಆಫ್ ಸಪ್ಲೈ ಕೊಡಬೇಕು, ಅದರ ತಲೆಯಲ್ಲಿ ತಾನು ಕಾಂಪೋಸಿಷನ್ ತೆರಿಗೆದಾರ, ತೆರಿಗೆ ಸಂಗ್ರಹಿಸಲು ಅರ್ಹನಲ್ಲ ಎಂದು ಬರೆಯಬೇಕು, ಅಂಗಡಿಯ ಫಲಕದಲ್ಲೂ ತಿಳಿಸಿರಬೇಕು.

ಲೆಕ್ಕದಲ್ಲಿ ಇಲ್ಲೊಂದು ಬಲೆ ಇದೆ. ಕಾಂಪೋಸಿಷನ್ ಖಾನಾವಳಿಯಲ್ಲಿ 120ರ ಊಟಕ್ಕೆ ಮಾಲೀಕ ಕಟ್ಟುವ ತೆರಿಗೆ ಎಷ್ಟು? 21ರಿಂದ ಭಾಗಿಸಿ 5.71 ಅಂದರೆ ತಪ್ಪು. ಅವನು ತೆರಿಗೆ ಸಂಗ್ರಹಿಸಿಲ್ಲ, ಆದ್ದರಿಂದ 120 ಪೂರ್ತಿ ಅವನ ವಹಿವಾಟು. ವಹಿವಾಟಿನ ಮೇಲೆ ನೇರ 5%, ಅಂದರೆ 6 ರೂಪಾಯಿ. ಇಡೀ ಟಿಪ್ಪಣಿಯಲ್ಲಿ ಗಿರಾಕಿ ಕೊಟ್ಟ ಒಟ್ಟು ಹಣಕ್ಕೆ ನೇರ ದರ ಗುಣಿಸುವುದು ಸರಿಯಾಗುವ ಜಾಗ ಇದೊಂದೇ. ಆ 6 ರೂಪಾಯಿ ಬೆಲೆಯೊಳಗೇ ಇದೆ, ಬಿಲ್ಲಿನಲ್ಲಿ ತೋರಿಸುವಂತಿಲ್ಲ.

ಅಂಥ ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಕಂಡರೆ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನ ತೆರಿಗೆದಾರರ ಹುಡುಕಾಟದಲ್ಲಿ ಹಾಕಿ ನೋಡಿ, ರೆಗ್ಯುಲರ್ ಅಥವಾ ಕಾಂಪೋಸಿಷನ್ ಎಂದು ತೋರಿಸುತ್ತದೆ. 200 ರೂಪಾಯಿಗಿಂತ ಕಡಿಮೆ ಖರೀದಿಗೆ ಬಿಲ್ ಕೊಡದಿರಬಹುದು. ಆದರೆ ಕೇಳಿದರೆ ಕೊಡಲೇಬೇಕು.

ಬೆಲೆಪಟ್ಟಿಯಲ್ಲೇ ತೋರಿಸಿದರೆ?

ಅಮೆರಿಕದಲ್ಲಿ ಕಪಾಟಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಕೌಂಟರಿನಲ್ಲಿ ಸೇರುತ್ತದೆ. ರಾಜ್ ಚೆಟ್ಟಿ, ಆಡಮ್ ಲೂನಿ, ಕೋರಿ ಕ್ರಾಫ್ಟ್ ಎಂಬ ಅರ್ಥಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ ಕೆಲವು ವಸ್ತುಗಳಿಗೆ ತೆರಿಗೆ ಸೇರಿದ ಬೆಲೆಯನ್ನೂ ಅಂಟಿಸಿ ನೋಡಿದರು. ಆ ವಸ್ತುಗಳ ಮಾರಾಟ ಸುಮಾರು 8% ಇಳಿಯಿತು. ಫಲಿತಾಂಶ ಪ್ರಕಟವಾದದ್ದು 2009ರಲ್ಲಿ. ತೆರಿಗೆ ಇದೆ ಎಂದು ಗೊತ್ತಿದ್ದರೂ ಕೊಳ್ಳುವ ಗಳಿಗೆಯಲ್ಲಿ ಕಣ್ಣೆದುರು ಇಲ್ಲದಿದ್ದರೆ ಜನ ಲೆಕ್ಕಕ್ಕೆ ತರುವುದಿಲ್ಲ. ಜಪಾನ್ 2021ರ ಏಪ್ರಿಲ್ 1ರಿಂದ ತೆರಿಗೆ ಸೇರಿದ ಒಟ್ಟು ಬೆಲೆ ತೋರಿಸುವುದನ್ನು ಮತ್ತೆ ಕಡ್ಡಾಯ ಮಾಡಿತು.

ನಮ್ಮಲ್ಲಿ ಕೊರತೆ ತದ್ವಿರುದ್ಧದ್ದು. ಒಟ್ಟು ಬೆಲೆ ಕಾಣುತ್ತದೆ, ಅದರಲ್ಲಿ ತೆರಿಗೆ ಎಷ್ಟು ಎಂಬುದು ಹಣ ಕೊಟ್ಟ ಮೇಲೆ ತಿಳಿಯುತ್ತದೆ. ಪೊಟ್ಟಣದ ಮೇಲೆ ತೆರಿಗೆಯ ಮೊತ್ತ ಅಚ್ಚು ಹಾಕಲು ಆಗುವುದಿಲ್ಲ, ಯಾಕೆಂದರೆ ಎಂಆರ್‌ಪಿಗಿಂತ ಕಡಿಮೆಗೆ ಮಾರಿದ ಕೂಡಲೇ ಮೊತ್ತ ಬದಲಾಗುತ್ತದೆ. ಆದರೆ ದರ ಬದಲಾಗುವುದಿಲ್ಲ. "5% ಜಿಎಸ್‌ಟಿ ಸೇರಿ" ಎಂಬಷ್ಟನ್ನು ಎಂಆರ್‌ಪಿಯ ಪಕ್ಕ ಹಾಕಿದರೆ ಉಳಿದದ್ದನ್ನು 21ರಿಂದ ಭಾಗಿಸಿ ಯಾರಾದರೂ ತಿಳಿಯಬಹುದು. ಇದು ಆಗಲೇಬೇಕಾದ ಸುಧಾರಣೆ.

ಸೊನ್ನೆ ಎಂದಿದ್ದಲ್ಲಿ

ಸಾಣಿಕಟ್ಟೆಯ ಉಪ್ಪಿಗೆ ಜಿಎಸ್‌ಟಿ ಇಲ್ಲ. ಕಾರವಾರ ಪೇಟೆಯ ತಾಜಾ ಮೀನಿಗೂ ಇಲ್ಲ. ಬಿಡಿ ಅಕ್ಕಿಗೆ ಇಲ್ಲ, ಅದೇ ಅಕ್ಕಿ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಚೀಲದಲ್ಲಿ ಬಂದರೆ 2022ರ ಜುಲೈ 18ರಿಂದ 5% ಇದೆ. ಸೊನ್ನೆ ಇದ್ದಲ್ಲಿ ಬಿಲ್ಲಿನ ತೆರಿಗೆ ಸೊನ್ನೆ ಎಂದಷ್ಟೇ ಅರ್ಥ. ವಿನಾಯಿತಿ ಇರುವ ವಸ್ತು ಮಾರುವವನಿಗೆ ತಾನು ಕೊಂಡ ಸಾಮಗ್ರಿಯ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ, ಆ ಹಣ ಬೆಲೆಯಲ್ಲೇ ಸೇರಿಕೊಳ್ಳುತ್ತದೆ. 5% ಹಾಕುವ ಹೋಟೆಲಿಗೂ ಹಾಗೆಯೇ: 19 ಕೆ.ಜಿ. ವಾಣಿಜ್ಯ ಸಿಲಿಂಡರಿಗೆ ಕೊಟ್ಟ 18% ಊಟದ ದರದೊಳಗಿದೆ, ಬಿಲ್ಲಿನ 3 + 3ರಲ್ಲಿ ಇಲ್ಲ.

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಕೇಂದ್ರದ ಅಬಕಾರಿ ಸುಂಕ, ಮೇಲೆ ರಾಜ್ಯದ ಮಾರಾಟ ತೆರಿಗೆ. ಕರ್ನಾಟಕದಲ್ಲಿ ಪೆಟ್ರೋಲಿಗೆ 2024ರ ಜೂನ್‌ನಲ್ಲಿ 29.84%, ಡೀಸೆಲಿಗೆ 2025ರ ಏಪ್ರಿಲ್ 1ರಿಂದ 21.17% ನಿಗದಿಯಾಯಿತು. ಪಂಪಿನ ಚೀಟಿಯಲ್ಲಿ ಲೀಟರ್, ದರ, ಮೊತ್ತ ಮೂರೇ ಇರುತ್ತವೆ. ನಿತ್ಯ ಕೊಡುವ ತೆರಿಗೆಗಳಲ್ಲಿ ದೊಡ್ಡದೊಂದು ಹೀಗೆ ಒಂದು ಸಾಲಿನಲ್ಲೂ ಕಾಣದೆ ಹೋಗುತ್ತದೆ. ಸಿರ್ಸಿಯಿಂದ ಕುಮಟಾಕ್ಕೆ ಇಳಿಯುವ ಸಾದಾ ಬಸ್ಸಿನ ಟಿಕೆಟಿಗೆ ಜಿಎಸ್‌ಟಿ ವಿನಾಯಿತಿ ಇದೆ, ಎ.ಸಿ. ಬಸ್ಸಿಗೆ 5%. ಸಾದಾ ಟಿಕೆಟಿನಲ್ಲಿ ತೆರಿಗೆ ಇಲ್ಲ ಎಂದು ಉತ್ತರ ಬರೆದರೆ ಅರ್ಧ ಅಂಕ. ಘಟ್ಟ ಹತ್ತಿ ಇಳಿಯುವ ಆ ಬಸ್ಸಿನ ಡೀಸೆಲಿನ ಎರಡೂ ತೆರಿಗೆಗಳು ಪ್ರಯಾಣದರದೊಳಗಿವೆ, ಮತ್ತು ಅವುಗಳಿಗೆ ಯಾರಿಗೂ ಕ್ರೆಡಿಟ್ ಇಲ್ಲ ಎಂದು ಸೇರಿಸಿ ಬರೆಯಿರಿ.